ಯಾರ ಮೊಳ

ಆಗದ ಕೆಲಸಕ್ಕೆ ಕಪ್ಪೆ ತೂಗಿದ ಹಾಗೆ ಅನ್ನುತ್ತಾರಲ್ಲ,
ನಾನದನ್ನು ಕಣ್ಣಾರೆ ಕಂಡವನು.
ಗುಲ್ನಾರ್ ಮೇಡಂ ಒಂದನ್ನು ಪ್ಲಾಸ್ಟಿಕ್ ಚೀಲಕ್ಕೆ ಬಿಟ್ಟು
ಪೆನ್ನಿನಷ್ಟುದ್ದದ ತಕ್ಕಡಿಗೆ ನೇತುಹಾಕಿ
ಮುಳ್ಳು ನಿಲ್ಲುವ ತನಕ ಉಸಿರು ಬಿಗಿಹಿಡಿಯುತ್ತಿದ್ದರು.
ಟಾರ್ಚ್ ಹಿಡಿಯುವುದು ನನ್ನ ಪಾಲು.
ಓಮ್ನಿ ಬಾಡಿಗೆಯ ಮಾತಿನಲ್ಲಿ ಅದು ಇರಲಿಲ್ಲ.

ಬಿಸಿಲೆ ಘಾಟಿಯಿಂದ ನಮ್ಮ ಬಾಣಾವರಕ್ಕೆ
ಮಳೆಗೆ ಬೆನ್ನು ಹಾಕಿ
ಆರು ನಿಲುಗಡೆ, ಹದಿನೆಂಟು ರಾತ್ರಿ.

ಬಿಸಿಲೆಯಲ್ಲಿ ಏಳಕ್ಕೇ ಕತ್ತಲು ಟಿಕಟಿಕ ಅನ್ನುತ್ತಿತ್ತು.
ನನ್ನ ಹೆಬ್ಬೆರಳ ಉಗುರಿನ ಮೇಲೆ ಕೂತೂ ಜಾಗ ಉಳಿಸಿದ್ದು ಒಂದು.
ಹಳ್ಳದ ಮೇಲಿನ ಕೊಂಬೆಗೆ ನೊರೆ ಕಟ್ಟಿ
ನೊರೆಯೊಳಗೆ ಸಂಸಾರ ಇಟ್ಟದ್ದು ಒಂದು.
ಇನ್ನೊಂದು, ಎಲೆಯಡಿ, ಮೊಟ್ಟೆಯೊಳಗೇ ಗೊದಮೊಟ್ಟೆಯ ಕಾಲ ಮುಗಿಸಿ
ನಾಲ್ಕು ಕಾಲಿನಲ್ಲೇ ಹೊರಗೆ ಬರುವುದು,
ಬಾಲ? ಯಾರ ಬಾಲ? ಅನ್ನುವ ಹಾಗೆ.
ಹಗಲಿನಲ್ಲಿ, ನೀರು ಬೊಬ್ಬಿಡುವ ಬಂಡೆಯ ಮೇಲೆ
ಕೂಗಿ ಪ್ರಯೋಜನವಿಲ್ಲವೆಂದು
ಹಿಂಗಾಲು ಚಾಚಿ, ಬೆರಳು ಬಿಡಿಸಿ
ಪಕ್ಕದವನಿಗೆ ಆಚೆ ಹೋಗು ಅನ್ನುತ್ತಿತ್ತು ಮತ್ತೊಂದು.

ತೊಡೆ. ಮೀನಖಂಡ. ಕಣ್ಣಿನಿಂದ ಮೂಗಿನ ಹೊಳ್ಳೆ.
ಬೆರಳ ತುದಿಯ ಬಿಲ್ಲೆ.
ಅವರು ಹೇಳಿದ್ದು, ನಾನು ಬರೆದದ್ದು.
ಒಟ್ಟು ಎಷ್ಟು ಜಾತಿ ಮೇಡಂ ಅಂದೆ.
ಜಾತಿ ಕೇಳಬೇಡಿ ಇವರೇ, ಕಾಲು ನೋಡಿ, ಅಂದರು,
ಹತ್ತು ಜಾತಿಗೂ ಒಂದೇ ತೊಡೆ, ಒಂದೇ ಬಾಯಿ ಆದರೆ
ನನ್ನ ಲೆಕ್ಕಕ್ಕೆ ಅದು ಒಂದೇ ಕಪ್ಪೆ.

ಆಲೂರು ಮುಟ್ಟುವಷ್ಟರಲ್ಲಿ ಮರ ಹತ್ತುವ ಬೆರಳುಗಳು
ಒಂದೊಂದೇ ಇಳಿದುಹೋದವು.
ಹಾಸನದ ಬಸ್‌ಸ್ಟ್ಯಾಂಡಿನಲ್ಲಿ, ಟ್ಯೂಬ್‌ಲೈಟಿನಡಿ
ಗಲ್ಲಾಪೆಟ್ಟಿಗೆಯ ಯಜಮಾನನಂತೆ ಕೂತಿತ್ತು ನೆಲಗಪ್ಪೆ.
ಇದನ್ನೇ ಸಕಲೇಶಪುರದಲ್ಲೂ ಅಳೆದಿದ್ದೆವು.
ಎಲ್ಲಿಗೂ ಸಲ್ಲುವ ಮೈ. ಸ್ವಲ್ಪ ಬೇಜಾರಿನ ಮೈ.

ಆ ರಾತ್ರಿ ಲಾಡ್ಜಿನಲ್ಲಿ ಲ್ಯಾಪ್‌ಟಾಪ್ ತೆರೆದು
ಇಡೀ ಖಂಡವನ್ನೇ ತೋರಿಸಿದರು, ಚೌಕ ಚೌಕವಾಗಿ.
ತೇವ ಇದ್ದಲ್ಲಿ ಕಡುಹಸಿರು: ನೂರು ಬಗೆಯ ಬಾಳು.
ಒಣಗಿದಲ್ಲಿ ಹಳದಿ.
ನಮ್ಮೂರು ಎಲ್ಲಿ ಅಂದೆ.
ಎಳ್ಳುಕಾಳಿಗಿಂತ ಚಿಕ್ಕ ಚೌಕದ ಮೇಲೆ ಬೆರಳಿಟ್ಟರು.
ಹಳದಿ.
ಯಾಕೋ ಪರೋಟ ಗಂಟಲಲ್ಲಿ ಇಳಿಯಲಿಲ್ಲ.

ಬಾಣಾವರದಲ್ಲಿ ಮೂರು ರಾತ್ರಿ. ಮೋಡ ಬಂದು, ನೋಡಿ, ಹೋಯಿತು.
ಪುಸ್ತಕದ ತುಂಬ ಸೊನ್ನೆ, ನನ್ನದೇ ಕೈಬರಹದಲ್ಲಿ.
ಆಗ ಹೇಳಿದೆ, ಹೆಂಡತಿಗೂ ಹೇಳದೇ ಇದ್ದದ್ದು:

ಓಮ್ನಿ ತೆಗೆಯುವ ಮುಂಚೆ ಇಟ್ಟಿಗೆ ಗೂಡಿಗೆ
ಕೆರೆಯಂಗಳದಲ್ಲಿ ಮಣ್ಣು ಅಗೆಯುತ್ತಿದ್ದೆ.
ಯುಗಾದಿ ಕಳೆದು ಹದಿನೈದು ದಿನ, ಕಲ್ಲಿನಂಥ ಬಿಸಿಲು.
ಗುದ್ದಲಿಗೆ ಹೆಂಟೆ ಎರಡು ಹೋಳಾಯಿತು.
ಒಳಗೆ, ಬೋಂಡದ ಹಾಗೆ ಗುಂಡಗೆ, ಒಂದು ಕಪ್ಪೆ.
ಮಣ್ಣಿಗೆ ಅದರ ಬೆನ್ನಿನ ಅಚ್ಚು.
ಒಂದು ಕಣ್ಣು ತೆರೆದು ನನ್ನನ್ನು ನೋಡಿತು,
ಹೊತ್ತಿಗೆ ಮುಂಚೆ ಎಬ್ಬಿಸಿದವನನ್ನು ನೋಡುವ ಹಾಗೆ.
ಹೋಳು ಹೋಳಿಗೆ ಕೂಡಿಸಿ, ಮಣ್ಣೆಳೆದು
ಪಕ್ಕದಲ್ಲಿ ಅಗೆದೆ.
ಮೇಸ್ತ್ರಿ ಉಗಿದ.

ಮೇಡಂ ಪೆನ್ನು ಕಚ್ಚಿಕೊಂಡು ಕೂತಿದ್ದರು.
ಎಷ್ಟು ಆಳದಲ್ಲಿತ್ತು?
ಒಂದು ಮೊಳ.
ಯಾರ ಮೊಳ?
ನನ್ನದು, ಅಂದೆ.

ಟೇಪು ತೆಗೆದು ನನ್ನ ಮೊಣಕೈಗೆ ಇಟ್ಟರು.
ಅಲ್ಲಾಡಬೇಡಿ.
ನಡುಬೆರಳ ತುದಿಗೆ ನಲವತ್ತಾರು ಪಾಯಿಂಟ್ ಎರಡು.
ಬರೆಯಲು ಪುಸ್ತಕದಲ್ಲಿ ಕಾಲಂ ಇರಲಿಲ್ಲ.
ಅಂಚಿನಲ್ಲಿ ಸ್ಕೇಲ್ ಇಟ್ಟು ಒಂದು ಗೆರೆ ಎಳೆದು
ತಲೆಬರಹ ಏನು ಹಾಕೋಣ, ನೀವೇ ಹೇಳಿ, ಅಂದರು.

ನನಗೆ ಹೊಳೆಯಲಿಲ್ಲ. ಅವರಿಗೂ.
ಬಾಡಿಗೆ ಚುಕ್ತಾ ಮಾಡಿ
ಟಾರ್ಚಿನ ಸೆಲ್ಲಿಗೆಂದು ಎಂಬತ್ತು ರೂಪಾಯಿ ಬೇರೆ ಕೊಟ್ಟು
ಅರಸೀಕೆರೆಯ ರೈಲು ಹತ್ತಿದರು.
ಆ ಕಾಲಂ ನೆತ್ತಿ ಇನ್ನೂ ಖಾಲಿಯೇ ಇರಬೇಕು;
ಕೆಳಗೆ, ಹಳದಿಯ ಪಕ್ಕ, ನನ್ನ ಕೈ.