ಗಾಳಿಯೂರಿನ ಹಗ್ಗ

ಪುಂತಾ ಅರೇನಾಸ್‌ನಲ್ಲಿ ಗಾಳಿಗೆ ಯಾರೂ ಬೆಚ್ಚುವುದಿಲ್ಲ.
ಬೀದಿ ತಿರುವಿನಲ್ಲಿ ಕಂಬದಿಂದ ಕಂಬಕ್ಕೆ
ಪುರಸಭೆಯವರು ಹಗ್ಗ ಕಟ್ಟುತ್ತಾರೆ,
ಬೀಸಿದಾಗ ಹಿಡಿದುಕೊಂಡು ದಾಟುತ್ತೇವೆ.
ಹಗ್ಗ ಗಾಳಿಯನ್ನು ನಿಲ್ಲಿಸುವುದಿಲ್ಲ,
ನಿಲ್ಲಿಸುತ್ತೇನೆಂದು ಅದು ಯಾವತ್ತೂ ಮಾತು ಕೊಟ್ಟಿಲ್ಲ.

ಆ ವರ್ಷ ಬೀಸಿದ್ದು ಬೇರೆ.
ಗ್ರಂಥಾಲಯಕ್ಕೆ ಬೀಗ ಬಿತ್ತು,
ವಿಚಾರಣೆ ಮೇಜಿನ ಫೋನು ನನ್ನ ಅಡುಗೆಮನೆಗೆ ತಿರುಗಿತು.
ಇಪ್ಪತ್ತಾರು ವರ್ಷ ಜನ ನನ್ನನ್ನು ಕೇಳಿದ್ದು
ಮುಳುಗಿದ ಹಡಗಿನ ಹೆಸರು, ಕುರಿಗೆ ಬಂದ ಕಜ್ಜಿ,
ಕ್ರೊಯೇಷಿಯಾದಿಂದ ಬಂದ ತಾತನ ಊರು.
ಈಗ ಒಂದೇ ಪ್ರಶ್ನೆ, ಗಂಟಲು ಮಾತ್ರ ಬೇರೆ ಬೇರೆ:
ದೋನ್ಯಾ ಎರ್ಮಿನಿಯಾ, ಇದು ನಿಜವಾ?

ಮಕ್ಕಳ ಹತ್ತಿರ ಸುಳಿಯೋದೇ ಇಲ್ಲವಂತೆ.
ಮಕ್ಕಳೇ ಹೊತ್ತು ತರೋದಂತೆ.
ನೀಲಗಿರಿ ಎಲೆಯ ಹಬೆ ಸಾಕಂತೆ.
ಆಸ್ತಮಾ ಇದ್ದರೆ ಮುಗಿದೇ ಹೋಯಿತಂತೆ.
ಸಂಜೆ ಐದಕ್ಕೇ ಕತ್ತಲಾಗುವ ಜೂನ್ ತಿಂಗಳಲ್ಲಿ
ಅಂತೆಗಳು ಕಂತೆಯಾಗಿ, ಕಿಟಕಿಯ ಸಂದಿಯಲ್ಲಿ ಶಿಳ್ಳೆ ಹಾಕುತ್ತಿದ್ದವು.

ಡಾಕ್ಟರಲ್ಲ ನಾನು. ನನಗೆ ಗೊತ್ತಿದ್ದದ್ದು ಇಷ್ಟೇ:
ಹಾಳೆಯ ತುದಿಯಲ್ಲಿ ತಾರೀಖು ಇದೆಯಾ ನೋಡುವುದು.
ಹೇಳಿದವರು ಯಾರು, ಎಣಿಸಿದ್ದು ಎಷ್ಟು ಮಕ್ಕಳನ್ನು,
ಆ ಮಕ್ಕಳಲ್ಲಿ ಉಬ್ಬಸದವರು ಇದ್ದರಾ,
ಇಲ್ಲಾ, ಗಟ್ಟಿಮುಟ್ಟಾದವರನ್ನೇ ಎಣಿಸಿ
ಎಲ್ಲರ ಹೆಸರಿನಲ್ಲೂ ಬರೆದುಬಿಟ್ಟರಾ.
ಬಾಯಿ ಮುಚ್ಚಿದ ಅಂಕಿ, ಬಾಯಿ ಬಿಡುವ ತನಕ
ಅದನ್ನು ಫೋನಿನೊಳಗೆ ಬಿಡುತ್ತಿರಲಿಲ್ಲ.

ತಂಗಿ ನೆಲ್ದಾ ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗುತ್ತಾಳೆ.
ಸರಕಾರದ ಕಾಗದದಲ್ಲಿ ಅವಳು 'ಅಪಾಯದ ಗುಂಪು'.
ಓದಿ ನಕ್ಕಳು:
ಗುಂಪು ಸೇರಬೇಡ ಅಂತಾರೆ, ಅಕ್ಕಾ,
ಒಬ್ಬಳನ್ನೇ ಕೂರಿಸಿ ಗುಂಪು ಅಂತ ಹೆಸರಿಡ್ತಾರೆ.
ಆ ಕಾಗದದ ನಾಲ್ಕು ಪುಟ ನಾನು ಮೂರು ಸಲ ಓದಿದೆ.
ನೆಲ್ದಾಳ ವ್ಯಾನ್ ಡ್ರೈವರ್ ಕೆಮ್ಮಿದರೆ ಏನು ಮಾಡಬೇಕು,
ಅದೊಂದು ಅದರಲ್ಲಿ ಇರಲಿಲ್ಲ.

ಮಕ್ಕಳ ವಾರ್ಡಿನಲ್ಲಿ ಓಯಾರ್ಸೊ ಅಂತ ಒಬ್ಬ ಎಳೆಯ ಡಾಕ್ಟರ್.
ರಾತ್ರಿ ಪಾಳಿ ಮುಗಿಸಿ ಬಂದವನನ್ನು ಫೋನಿನಲ್ಲಿ ಹಿಡಿದೆ.
ಪ್ರಶ್ನೆ ಪೂರ್ತಿ ಕೇಳಿಸಿಕೊಂಡು ಸುಮ್ಮನಾದ.
ಆಮೇಲೆ ಅಂದ: ನಮಗೆ ಇದು ಗೊತ್ತು. ಇದು ಬಹುಶಃ.
ಇದು ಇನ್ನೂ ಗೊತ್ತಿಲ್ಲ.
ಮೂರನ್ನೂ ಬೇರೆ ಬೇರೆ ಬಟ್ಟಲಿಗೆ ಬಡಿಸಿದ ಹಾಗೆ.
ಆ ತಿಂಗಳು ನಾನು ನೆಮ್ಮದಿಯಾಗಿ ನಿದ್ದೆ ಮಾಡಿದ್ದು
ಅದೊಂದು ರಾತ್ರಿ.

ಆದರೆ ಏಪ್ರಿಲ್‌ನಲ್ಲಿ ನಾನು ಹೇಳಿದ್ದೊಂದು ಮಾತು
ಜುಲೈಗೆ ಹಳಸಿತ್ತು.
ಯಾರದೋ ಸುಳ್ಳಲ್ಲ. ಕಲಿತವರು ಇನ್ನಷ್ಟು ಕಲಿತಿದ್ದರು, ಅಷ್ಟೆ.
ನೋಟುಬುಕ್ಕಿನಲ್ಲಿ ಹನ್ನೊಂದು ಹೆಸರು, ನನ್ನ ಕೈಬರಹ.
ಒಬ್ಬೊಬ್ಬರಿಗೂ ಫೋನು ಹಚ್ಚಿದೆ:
ನಾನು ಹೇಳಿದ್ದನ್ನು ಅಳಿಸಿ, ಇದನ್ನು ಬರೆದುಕೊಳ್ಳಿ.
ರೋಸಾಲ್ಬಾ ಮಗನ ಇನ್ಹೇಲರ್ ಕೈಯಲ್ಲಿ ಹಿಡಿದೇ ರೇಗಿದಳು:
ನೀವೂ ಹೀಗೆ ಮಾತು ಬದಲಿಸಿದರೆ ಯಾರನ್ನು ನಂಬಲಿ?
ನನ್ನ ಹತ್ತಿರ ಉತ್ತರ ಇರಲಿಲ್ಲ, ತಾರೀಖು ಇತ್ತು.
ತಾರೀಖು ಹೇಳಿದೆ.
ಫೋನು ಇಟ್ಟಳು. ಅರ್ಧ ಗಂಟೆಗೆ ಅವಳೇ ಮಾಡಿದಳು:
ಪೆನ್ನು ಸಿಕ್ಕಿತು, ಹೇಳಿ.

ಹನ್ನೊಂದನೆಯವನು ಎಲೆಯುತೆರಿಯೊ ಮನ್ಸಿಯಾ,
ಕಲ್ಲಿದ್ದಲು ಗಣಿಗೆ ಶ್ವಾಸಕೋಶ ಕೊಟ್ಟ ಮುದುಕ,
ಅವನ ಜೊತೆ ಆರು ವರ್ಷದ ಮೊಮ್ಮಗಳು.
ಒಂದು ಮನೆಯಲ್ಲಿ ಎರಡು ಪ್ರಶ್ನೆ.
ಫೋನು ಹೊಡೆದುಕೊಂಡಿತು. ಹೊಡೆದುಕೊಳ್ಳುತ್ತಲೇ ಇತ್ತು.
ಹನ್ನೆರಡು, ಹದಿಮೂರು... ಎಣಿಸುತ್ತಿದ್ದೆ.
ಎತ್ತಿದ್ದು ಹುಡುಗಿ:
ತಾತ ಕೋಳಿಗೂಡು ಕಟ್ಟುತ್ತಿದ್ದಾನೆ, ಗಾಳಿ ಜಾಸ್ತಿ,
ಏನೂ ಕೇಳಿಸ್ತಿಲ್ಲ, ಇನ್ನೊಂದು ಸಲ ಹೇಳಿ.

ಹೇಳಿದೆ. ನಿಧಾನಕ್ಕೆ.
ಆ ಕಡೆ ಅವಳು ಅಕ್ಷರ ಅಕ್ಷರ ಕೂಡಿಸಿ
ಬರೆದುಕೊಳ್ಳುವ ಸದ್ದು.