ವರೆಗೆ

ಇಪ್ಪತ್ತು ಅಡಿ ಫ್ಲೆಕ್ಸಿನಲ್ಲಿ
ಮುನ್ನೂರು ಎಂಬ ಅಂಕಿಯನ್ನು ನಿಲ್ಲಿಸಿದವನು ನಾನು.
ಮೂರರ ಹೊಟ್ಟೆಗೆ ಕೇಸರಿ, ಸೊನ್ನೆಗಳೆರಡಕ್ಕೂ ಬೆಂಕಿಯ ಬಾಲ,
ಪಕ್ಕದಲ್ಲಿ ಓಡುವ ಚಿರತೆ. ಹಳೇ ಫೈಲಿನದು,
ಹೋದ ವರ್ಷ ಬೂಟಿನಂಗಡಿಗಾಗಿ ಓಡಿತ್ತು.

‘ವರೆಗೆ’ಯನ್ನು ಎಲ್ಲಿಡುವುದು ಗೊತ್ತಾಗಲಿಲ್ಲ.

ಮುರಿಗೆಪ್ಪ ಕುರ್ಚಿ ಎಳೆದುಕೊಂಡು ಬೆನ್ನಿಗೇ ಕೂತಿದ್ದ.
‘ಸಣ್ದು ಮಾಡು.’ ಮಾಡಿದೆ.
‘ಇನ್ನಾ.’ ಮಾಡಿದೆ.
‘ಇರ್ಬೇಕು ಮಾರಾಯ, ಕಾಣಬಾರ್ದು ಅಷ್ಟೆ.’
ಚಿರತೆಯ ಹಿಂಗಾಲು ಎಬ್ಬಿಸಿದ ಧೂಳಿನಲ್ಲಿ
ಧೂಳಿನದೇ ಬಣ್ಣ ಬಳಿದು ಕೂರಿಸಿದೆ.
ನೆತ್ತಿಗೊಂದು ನಕ್ಷತ್ರ.
ನಕ್ಷತ್ರದ ಅರ್ಥ ತೀರಾ ಕೆಳಗೆ,
ಕಟ್ಟಿಗೆಗೆ ಮಡಚಿ ಮೊಳೆ ಹೊಡೆಯುವ ಅಂಚಿನಲ್ಲಿ.

ಈ ಪದಕ್ಕೆ ಒಂಟಿಯಾಗಿ ನಿಂತು ರೂಢಿಯಿಲ್ಲ.
ಗೇಟಿನವರೆಗೆ ಅಂದರೆ ಕಾಲು ಗೇಟು ಮುಟ್ಟುತ್ತದೆ,
ಕುಂದವಾಡ ಕೆರೆಯವರೆಗೆ ಹೋದವರು ನೀರು ನೋಡಿಯೇ ತಿರುಗುತ್ತಾರೆ.
ಕೊನೆಯವರೆಗೆ ನೋಡ್ಕೊಂತೀನಿ ಅಂದ ಚಿಕ್ಕಮ್ಮ
ನಮ್ಮಪ್ಪನನ್ನು ನೋಡಿಕೊಂಡಳು,
ಕೊನೆಯವರೆಗೆ.
ತಲುಪುವ ಮಾತದು.
ನಾನದನ್ನು ಆರು ಪಾಯಿಂಟಿಗೆ ಇಳಿಸಿ
ದಾರಿಯಲ್ಲೇ ಕೈಬಿಟ್ಟೆ.

ಬಾಕಿ ದುಡ್ಡಿನ ಬದಲು ಮುರಿಗೆಪ್ಪ ಕನೆಕ್ಷನ್ ಕೊಡಿಸಿದ,
‘ಮುನ್ನೂರರದ್ದೇ, ನಿಂಗಂತ.’
ನಸುಕಿನ ನಾಲ್ಕಕ್ಕೆ, ದಾವಣಗೆರೆ ಪೂರಾ ಮಲಗಿರುವಾಗ,
ಇನ್ನೂರ ತೊಂಬತ್ತು ಬಂದದ್ದನ್ನು ಕಣ್ಣಾರೆ ಕಂಡಿದ್ದೇನೆ.
ಸಂಜೆ ಏಳಕ್ಕೆ ಹನ್ನೊಂದು.
ಮ್ಯಾಚಿದ್ದ ದಿನ ನಾಲ್ಕು. ನಾಲ್ಕೂ ಅಲ್ಲ, ಅದರ ಆಸುಪಾಸು.

ಯಾರದೋ ಗೃಹಪ್ರವೇಶದ ಬ್ಯಾನರು
ಅಶೋಕ ರಸ್ತೆಯಾಚೆಯ ಪ್ರಿಂಟಿಂಗ್ ಮೆಶೀನಿಗೆ ಹೋಗಬೇಕಿತ್ತು.
ಕಳಿಸಲು ಹಚ್ಚಿ, ಸಾಕಾಗಿ, ಪೆನ್‌ಡ್ರೈವ್ ಹಿಡಿದು ನಡೆದೆ.
ಗೇಟು ಬಿದ್ದಿತ್ತು. ಗೂಡ್ಸ್ ಗಾಡಿ. ಐವತ್ತೆರಡು ಡಬ್ಬಿ ಎಣಿಸಿದೆ.
ಗೇಟೆದ್ದಿತು, ಕೊಟ್ಟೆ, ಚಹಾ ಕುಡಿದೆ, ವಾಪಸ್ಸು ಬಂದೆ.
ಪರದೆಯ ಮೇಲೆ ಎಪ್ಪತ್ತೊಂದು ಪರ್ಸೆಂಟು,
ಇನ್ನೂ ಹೋಗುತ್ತಲೇ ಇತ್ತು ಪಾಪ.

ತಿಪ್ಪೇಸ್ವಾಮಿ ಬಂದ, ಕಂಪನಿಯ ಹುಡುಗ,
ಮೈಮೇಲೆ ಒಬ್ಬರ ಅಂಗಿ, ಬೈಕಿಗೆ ಇನ್ನೊಬ್ಬರ ಪೆಟ್ರೋಲು.
ಡಬ್ಬಿಯ ಮೂಗಿಗೆ ಫೋನು ಹಿಡಿದು
‘ಇಲ್ನೋಡ್ರಿ ಸಾರ್, ಇನ್ನೂರೆಂಬತ್ತು ಬರ್ತತಿ’ ಅಂದ.
ಅಳೆಯುವ ಮೆಶೀನು ಅವರ ಆಫೀಸಿನಲ್ಲೇ ಇದೆ, ಎರಡು ಓಣಿ ಆಚೆ.
ಅಡುಗೆಮನೆಯಿಂದ ಜಗಲಿಗೆ ಬಂದು ನಿಂತು
ಊರು ಸುತ್ತಿ ಬಂದೆ ಅಂದ ಹಾಗೆ.

‘ಮತ್ತ ಅದು ಬಿಟ್ಟು ಸಾರ್, ಬೈಟಲ್ಲ.
ಎಂಟರಿಂದ ಭಾಗಿಸ್ಕೋಬೇಕು.’
‘ಯಾರಪ್ಪ ಹೇಳಿದ್ದು?’
‘ಫ್ಲೆಕ್ಸಿನಾಗ ಬರ್ದೈತಲ್ರೀ, ಕೆಳಗ.’

ಬರೆದಿತ್ತು.
ಎಡಗೈಯಲ್ಲಿ ಚಹಾ, ಬಲಗೈಯಲ್ಲಿ ಮೌಸು,
ಬರೆದದ್ದು ಯಾರೆಂದು ನಾನು ಹೇಳಲಿಲ್ಲ.
ರೇಟಿಂಗ್ ಕೇಳಿದ. ಐದು ಒತ್ತಿದೆ.
ಅವನ ಸಂಬಳದ ನಕ್ಷತ್ರಗಳೂ ಅಲ್ಲೇ ಇವೆಯಂತೆ.

ಸಂಜೆ ಮಂಡಕ್ಕಿಗೆ ಭಟ್ಟಿಯ ಕಡೆ ಹೋದೆ.
ಜೈತುನಬಿ ಮಾರುವುದೂ ಒಂದು ಲೆಕ್ಕಕ್ಕೆ ಗಾಳಿಯನ್ನೇ,
ಉಬ್ಬಿದ ಅಕ್ಕಿ, ಹಿಚುಕಿದರೆ ಏನಿದೆ?
ಆದರೂ ಸೇರಿನ ಮೇಲೆ ಗೋಪುರ ನಿಲ್ಲಿಸಿ,
ಗೋಪುರ ಕುಸಿಯುವ ಮೊದಲೇ ಚೀಲಕ್ಕೆ ಸುರಿದು,
ಮೇಲೊಂದು ಹಿಡಿ ಕೊಸರು ಹಾಕಿದಳು.
‘ಕೊಸರು ಯಾಕವ್ವಾ?’ ಅಂದೆ, ಸುಮ್ಮನೆ.
‘ಅಳತೆ ಮಾಡೋವಾಗ ಕೈ ನಡುಗತೈತಪ್ಪ, ಅದಕ್ಕೆ.’

ಈ ವಾರ ಮುರಿಗೆಪ್ಪ ಮತ್ತೆ ಬಂದಿದ್ದ.
ಈಗ ಐನೂರಂತೆ. ಚಿರತೆ ಬೇಡ, ರಾಕೆಟ್ಟು.
ಹೊಗೆಯೊಳಗೆ ಜಾಗ ಹುಡುಕಿದೆ.
ಅವನು ಫೋನಿಗೆಂದು ಹೊರಗೆ ಹೋದಾಗ
ಆರನ್ನು ಏಳು ಮಾಡಿದೆ.
ಅವನಿಗೆ ಕಾಣಲಿಲ್ಲ.
ರಸ್ತೆಯಾಚೆ ನಿಂತರೆ ನನಗೂ ಕಾಣದು.

ಕಳಿಸು ಒತ್ತಿ,
ಪೆನ್‌ಡ್ರೈವ್ ಜೇಬಿಗಿಟ್ಟು,
ಚಪ್ಪಲಿ ಮೆಟ್ಟಿದೆ.