ಕಡವಿನ ಲೆಕ್ಕ

ಮೇ ಕೊನೆಗೆ ಹಿನ್ನೀರು
ನೆರಿಗೆ ಎತ್ತಿಕಟ್ಟಿ ಎರಡು ಮೈಲಿ ಹಿಂದೆ ಸರಿದಾಗ
ಕಡವಿನಕೊಪ್ಪಲಿನ ಹಳೆ ಕಟ್ಟೆ ಮೇಲೆದ್ದಿತು:
ಏಳು ಮೆಟ್ಟಿಲು, ಒಂದು ಮುರಿದದ್ದು,
ತುದಿಯ ಕಲ್ಲಿಗೆ ತುಕ್ಕು ಕುಡಿದ ಕಬ್ಬಿಣದ ಬಳೆ.

ಟೇಪು ಹಿಡಿದು ಅಳೆದೆ, ನೋಟುಬುಕ್ಕಿನಲ್ಲಿ ಬರೆದೆ:
‘ದೋಣಿ ಕಟ್ಟುವ ಬಳೆ. ಸುತ್ತಳತೆ ಒಂದು ಗೇಣು.’
ಕುರಿ ಬಿಟ್ಟು ಕೂತಿದ್ದ ಮಾಯಿಗ ನಕ್ಕ.
‘ದೋಣಿ ಎಲ್ಲಿತ್ತು ಸಾ? ಹರಿಗೋಲು.
ಹರಿಗೋಲ್ನ ಯಾರು ಕಟ್ಟಾಕಾರು?
ಬೋರ್ಲಾಕಿ ಅದ್ರ ನೆಳ್ಳಲ್ಲೇ ಮನಿಕಳಾದು.’
ಹಾಗಾದರೆ ಬಳೆ?
‘ನಮ್ಮವ್ವ, ಪಟೇಲನ ಕುದ್ರೆಗೆ ಅನ್ನೋಳು.
ನಮ್ಮಪ್ಪ, ಕಳ್ಳರಿಗೆ.’
‘ದೋಣಿ’ ಹೊಡೆದುಹಾಕಿ ಪ್ರಶ್ನೆಚಿಹ್ನೆ ಇಟ್ಟೆ.

ಹೊಸ ಊರಲ್ಲಿ, ಬೆಸ್ತರ ಬೀದಿಯ ಕೊನೆಗೆ,
ಮಂಚಮ್ಮ ಅಟ್ಟದಿಂದ ಇಳಿಸಿದಳು
ಕೆಂಪು ಬಟ್ಟೆ ಸುತ್ತಿದ ಸುಂಕದ ಪುಸ್ತಕ.
ಮೀನಿನದಲ್ಲ, ಹೊಂಗೆ ಎಣ್ಣೆಯ ವಾಸನೆ.
ಅವಳ ಮಾವ ಹೇಳಿದ್ದು, ಶಾನುಭೋಗರ ಹುಡುಗ ಬರೆದದ್ದು:

ಎಮ್ಮೆಗೆ ಆರು ಕಾಸು. ಈಜಿದರೆ ಮೂರು.
ರಾಗಿ ಪಲ್ಲಕ್ಕೆ ಒಂದಾಣೆ.
ಬಸುರಿ ಒಬ್ಬಳೆಂದೇ ಲೆಕ್ಕ.
ಹೆಣಕ್ಕೆ ಸುಂಕವಿಲ್ಲ. ಹೊತ್ತವರಿಗೆ, ಬರುವಾಗ ಮಾತ್ರ.

ಆಮೇಲೆ ವೈಶಾಖ ಬಹುಳ ತದಿಗೆ, ಮಸಿ ಕದಡಿದ ಜಾಗ:
‘ಹೊಳೆಯಾಚೆಯ ದಿಬ್ಬಣ. ಹದಿನೇಳು ತಲೆ.
ಹೆಣ್ಣು ಅಳುತ್ತ. ಎರಡಾಣೆ ಬಾಕಿ.’
ಬಾಕಿಯ ಮುಂದಿದ್ದ ಹೆಸರು ನನ್ನ ಅಜ್ಜನದು.

ಅಜ್ಜಿ ಚೆಲುವಾಜಮ್ಮ ಸಾಯುವತನಕ ಹೇಳುತ್ತಿದ್ದಳು:
ಹರಿಗೋಲು ನಡುನೀರಲ್ಲಿ ಮೂರು ಸುತ್ತು ತಿರುಗಿತು,
ನಾನು ಕಿಲಕಿಲ ನಕ್ಕೆ,
ಅತ್ತೆ ತೊಡೆ ಚಿವುಟಿದಳು.
ಅತ್ತದ್ದು ಒಮ್ಮೆಯೂ ಹೇಳಿದವಳಲ್ಲ.

ಮಂಚಮ್ಮನ ಮುಂದೆ ಹತ್ತರ ನೋಟು ಇಟ್ಟೆ.
ಎರಡೂ ಮಗ್ಗುಲು ತಿರುಗಿಸಿ ನೋಡಿದಳು.
‘ಚಿಲ್ರೆ ಇಲ್ಲ ಕಣಪ್ಪ. ಇರ್ಲಿ ಬುಡು.
ತೀರ್ದೋಗ್ಬುಟ್ರೆ ಆ ಸಾಲ ಯಾರು ಓದಾರು?’
ನೋಟನ್ನು ಮಾತ್ರ ಎಲೆಅಡಿಕೆ ಚೀಲಕ್ಕೆ ಸೇರಿಸಿಕೊಂಡಳು.

ಬಸ್ಸಿಗಿನ್ನೂ ಹೊತ್ತಿತ್ತು. ಮತ್ತೆ ಕಟ್ಟೆಗೆ ಹೋಗಿ,
ಯಾಕೋ, ಬಳೆಯೊಳಗೆ ಕೈ ತೂರಿಸಿದೆ.
ಮಣಿಕಟ್ಟಿನವರೆಗೆ ಸಲೀಸು.
ಬರುವಾಗ ಮಾತ್ರ ಸಿಕ್ಕಿಕೊಂಡಿತು.
ಮಾಯಿಗ ಕೂತಲ್ಲಿಂದಲೇ ಕೂಗಿದ:
‘ಉಗುಳು ಹಚ್ಚಿ ಸಾ, ಉಗುಳು!’